ಬೆಳೆಯುವ ಮೂಳೆ, ಒಂದೇ ಆಟ

ಹನ್ನೆರಡು ತುಂಬುವ ಮೊದಲೇ ಮಗುವನ್ನು ಉಳಿದ ಆಟಗಳಿಂದ ಬಿಡಿಸಿ, ವರ್ಷಕ್ಕೆ ಎಂಟು ತಿಂಗಳಿಗೂ ಹೆಚ್ಚು ಕಾಲ ಒಂದೇ ಕ್ರೀಡೆಗೆ ಹಚ್ಚುವುದನ್ನು ಕ್ರೀಡಾವೈದ್ಯರು ಎಳವೆಯ ಏಕಕ್ರೀಡಾ ತರಬೇತಿ ಎಂದು ಗುರುತಿಸುತ್ತಾರೆ. ಅದರ ಬೆನ್ನಿಗೆ ಬರುವ ಗಾಯಗಳು ಬಿದ್ದೋ ಪೆಟ್ಟು ತಿಂದೋ ಆದವಲ್ಲ. ಒಂದೇ ಸ್ನಾಯು, ಒಂದೇ ಕೀಲು, ಒಂದೇ ಮೂಳೆಯ ಮೇಲೆ ದಿನವೂ ಬೀಳುವ ಸಣ್ಣ ಭಾರ, ದುರಸ್ತಿಗೆ ಬಿಡುವು ಸಿಗದೆ ಕೂಡುತ್ತ ಹೋಗಿ ಕೊನೆಗೆ ನೋವಾಗಿ ಕಾಣಿಸಿಕೊಳ್ಳುತ್ತದೆ. ಇವಕ್ಕೆ ಅತಿಬಳಕೆಯ ಗಾಯಗಳೆಂದು ಹೆಸರು. ಇಂಥ ಗಾಯಕ್ಕೆ ತಾರೀಖು ಇರುವುದಿಲ್ಲ. ಯಾವಾಗ ಆಯ್ತು ಎಂದು ಕೇಳಿದರೆ ಹುಡುಗನಿಗೂ ಹೇಳಲು ಬರುವುದಿಲ್ಲ.

ಬೀದರ ಜಿಲ್ಲೆಯ ಔರಾದ ಸೀಮೆಯ ಡಾಬಕಾದಂಥ ಊರಿನಲ್ಲಿ ಈ ಮಾತು ವಿಚಿತ್ರವಾಗಿ ಕೇಳಿಸುತ್ತಿದ್ದ ಕಾಲ ತೀರ ಹಿಂದಿನದಲ್ಲ. ಮಹಾರಾಷ್ಟ್ರದ ಗಡಿ ಹತ್ತಿರವಿರುವ ಈ ಭಾಗದಲ್ಲಿ ಸಂತೆ, ಸಂಬಂಧ, ಆಸ್ಪತ್ರೆ ಎಲ್ಲಕ್ಕೂ ಜನ ಬೀದರಿಗೆ ಹೋಗುವಷ್ಟೇ ಸಲೀಸಾಗಿ ಉದಗೀರಕ್ಕೂ ಹೋಗುತ್ತಾರೆ. ಆಟಗಳೂ ಹಾಗೆಯೇ ಎರಡೂ ಕಡೆಯವು. 1970–80ರ ದಶಕದಲ್ಲಿ ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಓದಿದವರ ನೆನಪಿನಲ್ಲಿ ಆಟಕ್ಕೂ ಬೆಳೆಯಂತೆ ಹಂಗಾಮು ಇತ್ತು. ಮುಂಗಾರು ಹಿಡಿದು ಎರೆ ನೆಲ ಕಾಲಿಗೆ ಅಂಟತೊಡಗಿದರೆ ಓಟ ನಿಲ್ಲುತ್ತಿತ್ತು. ಪಡಸಾಲೆಯಲ್ಲಿ ಗೋಟಿ, ಹೆಣ್ಣುಮಕ್ಕಳಿಗೆ ಕುಂಟಾಟ. ನಾಗರಪಂಚಮಿಗೆ ಜೋಕಾಲಿ ಬರುತ್ತಿತ್ತು. ಹೆಸರು, ಉದ್ದು ಮನೆ ಸೇರಿ ನೆಲ ಗಟ್ಟಿಯಾದ ಮೇಲೆ ಹುತುತು, ಖೋಖೋ, ಗಡಿಯಾಚೆಯ ಆಟ್ಯಾಪಾಟ್ಯಾ ಶುರುವಾಗುತ್ತಿದ್ದವು. ಜಾತ್ರೆಗಳ ದಿನ ಕುಸ್ತಿ, ಬೇಸಿಗೆಯಲ್ಲಿ ಗಿಲ್ಲಿದಾಂಡು, ಮರ ಹತ್ತುವುದು, ಬಾವಿಯ ಈಜು. ಯಾರೂ ಕುಳಿತು ಯೋಚಿಸಿ ಮಾಡಿದ ಏರ್ಪಾಡಲ್ಲ ಅದು. ಆದರೂ ಎರಡು ಮೂರು ತಿಂಗಳಿಗೊಮ್ಮೆ ಮೈಯ ಕೆಲಸ ಬದಲಾಗುತ್ತಿತ್ತು: ಮೊಣಕಾಲಿನ ಕೆಲಸ ಮುಗಿದು ಭುಜದ ಕೆಲಸ, ಭುಜದ್ದು ಮುಗಿದು ಸೊಂಟದ್ದು.

ಅದನ್ನು ಚಿನ್ನದ ಕಾಲ ಎನ್ನುವ ಅಗತ್ಯವಿಲ್ಲ. ಹೆಣ್ಣುಮಕ್ಕಳ ಆಟ ಮೈನೆರೆದ ದಿನಕ್ಕೇ ಮುಗಿಯುತ್ತಿತ್ತು. ಆಮೇಲೆ ನೀರಿನ ಕೊಡ, ಕಟ್ಟಿಗೆಯ ಹೊರೆ ದಿನವೂ ಅದೇ ಕುತ್ತಿಗೆ, ಅದೇ ಸೊಂಟದ ಮೇಲೆ. ಅದೂ ಅತಿಬಳಕೆಯೇ, ಅದನ್ನು ಗಾಯವೆಂದು ಯಾರೂ ಎಣಿಸಲಿಲ್ಲ, ಅಷ್ಟೆ.

ಎಳವೆಯಲ್ಲೇ ಒಂದು ಆಟಕ್ಕೆ ಒಪ್ಪಿಸುವ ಪದ್ಧತಿ ಆಗಲೂ ಒಂದು ಕಡೆ ಇತ್ತು, ತಾಲೀಮಿನಲ್ಲಿ. ಹತ್ತು ವರ್ಷದ ಹುಡುಗ ಲಂಗೋಟಿ ಕಟ್ಟಿ ಮಣ್ಣಿಗಿಳಿದರೆ ಅವನ ಹಾಲು, ಊಟ, ನಿದ್ದೆ ಎಲ್ಲವೂ ಉಸ್ತಾದನ ಕಣ್ಣಳತೆಯಲ್ಲಿ. ಇವತ್ತಿನ ತರಬೇತುದಾರರು ಗಮನಿಸಬೇಕಾದ ಒಂದು ಸಂಗತಿ ಅಲ್ಲಿದೆ. ಬೈಠಕ್ ಮತ್ತು ದಂಡದ ಲೆಕ್ಕವನ್ನು ಉಸ್ತಾದ ವಯಸ್ಸು, ಮೈಕಟ್ಟು ನೋಡಿ ಮೆಲ್ಲಗೆ ಏರಿಸುತ್ತಿದ್ದ. ದೊಡ್ಡ ಪೈಲ್ವಾನನ ಲೆಕ್ಕ ಪೋರನಿಗೆ ಇರಲಿಲ್ಲ. ಎಣ್ಣೆ, ಅರಿಷಿಣ, ಮಜ್ಜಿಗೆ ಕಲಸಿ ಕೆದರಿದ ಕೆಮ್ಮಣ್ಣು ಮೆತ್ತಗಿರುತ್ತಿತ್ತು. ಕಸರತ್ತಿನ ನಂತರ ಮಾಲೀಸು ಕಡ್ಡಾಯ. ಇದಕ್ಕೆ ವಿಜ್ಞಾನದ ಹೆಸರಿರಲಿಲ್ಲ, ಆದರೆ ಭಾರವನ್ನು ಎಣಿಸುವ ಒಬ್ಬ ಮನುಷ್ಯನಿದ್ದ. ತಾಲೀಮುಗಳಲ್ಲೂ ಬೆನ್ನು ಮುರಿದವರು, ಕಿವಿ ಮುದುಡಿದವರು ಇದ್ದರೆಂಬುದನ್ನೂ ಇದರ ಜತೆಗೇ ಹೇಳಬೇಕು.

ಆಟದ ಹಂಗಾಮು ಕದಲಿದ್ದು ಒಳ್ಳೆಯ ಉದ್ದೇಶದ ವ್ಯವಸ್ಥೆಯಿಂದಲೇ. 1954ರಲ್ಲಿ ಹುಟ್ಟಿದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ಸ್ಪರ್ಧೆಗಳು 14, 17 ಮತ್ತು 19 ವರ್ಷದೊಳಗಿನವರಿಗೆಂದು ವಿಂಗಡವಾಗಿವೆ. ಅದರ ಬುಡದಲ್ಲಿ ಕ್ಲಸ್ಟರ್, ಹೋಬಳಿ, ತಾಲೂಕು, ಜಿಲ್ಲೆ, ವಿಭಾಗ ಮಟ್ಟದ ಕೂಟಗಳು. 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಬಂತು. ಮರುವರ್ಷ ಅದು ಆರಂಭಿಸಿದ ಪ್ರತಿಭಾಶೋಧದ ಯೋಜನೆ 8ರಿಂದ 14 ವರ್ಷದ ಶಾಲಾ ಮಕ್ಕಳನ್ನು ಹುಡುಕಿ ಆರಿಸುವಂಥದು. ರಾಜ್ಯ ಸರ್ಕಾರದ ಕ್ರೀಡಾ ವಸತಿ ನಿಲಯಗಳ ಕಿರಿಯರ ವಿಭಾಗಕ್ಕೂ ಮಕ್ಕಳು ಹೈಸ್ಕೂಲು ಮುಟ್ಟುವ ಮೊದಲೇ ಆಯ್ಕೆಯಾಗುತ್ತಾರೆ. 2018ರಲ್ಲಿ ಮೊದಲ ಖೇಲೋ ಇಂಡಿಯಾ ಶಾಲಾ ಕ್ರೀಡಾಕೂಟ ನಡೆದಾಗ, ವರ್ಷಕ್ಕೆ ಸಾವಿರ ಮಕ್ಕಳಿಗೆ ತಲಾ 5 ಲಕ್ಷ ರೂಪಾಯಿಯಂತೆ ಎಂಟು ವರ್ಷ ನೆರವು ಎಂಬ ಘೋಷಣೆ ಬಂತು. ವೃತ್ತಿಶಿಕ್ಷಣದ ಸೀಟುಗಳಲ್ಲಿ ಕ್ರೀಡಾ ಕೋಟಾ ಇದೆ, ನೌಕರಿಯಲ್ಲೂ ಇದೆ.

ಮಳೆ ನಂಬಿದ ಮೂರೆಕರೆಯಲ್ಲಿ ತೊಗರಿ, ಸೋಯಾ ಬಿತ್ತುವ ಮನೆಗೆ ಇದೆಲ್ಲ ಹೇಗೆ ಕಾಣುತ್ತದೆಂದು ಊಹಿಸುವುದು ಕಷ್ಟವಲ್ಲ. ಹುಡುಗ ಹಾಸ್ಟೆಲಿಗೆ ಸೇರಿದರೆ ಊಟ, ಬಟ್ಟೆ, ಓದು ಮೂರೂ ನಡೆಯುತ್ತವೆ. ಸರ್ಟಿಫಿಕೇಟು ಸಿಕ್ಕರೆ ಮುಂದೊಂದು ದಾರಿ. ತಂದೆತಾಯಿಗಳ ದುರಾಸೆ ಎಂದು ಪಟ್ಟಣದಲ್ಲಿ ಕುಳಿತು ತೀರ್ಪು ಕೊಡುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ತೊಡಕಿರುವುದು ಆಯ್ಕೆಯ ವಯಸ್ಸಿನಲ್ಲಿ. ಎಲ್ಲ ಮೆಟ್ಟಿಲುಗಳೂ ಮಗು ಇನ್ನೂ ಬೆಳೆಯುತ್ತಿರುವಾಗಲೇ ಬರುತ್ತವೆ. ಹೀಗಾಗಿ ಹನ್ನೊಂದರಲ್ಲಿ ಯಾವುದರಲ್ಲಿ ಗೆದ್ದನೋ ಅದರಲ್ಲೇ ಅವನನ್ನು ಮೊಳೆ ಹೊಡೆದು ಕೂರಿಸಲಾಗುತ್ತದೆ.

ಹನ್ನೊಂದರಲ್ಲಿ ಗೆಲ್ಲುವವರು ಯಾರು ಎಂಬುದೂ ಬೇರೆಯೇ ವಿಚಾರ. ಹಳ್ಳಿ ಶಾಲೆಗಳ ಹಳೆಯ ದಾಖಲಾತಿ ಪುಸ್ತಕ ತೆರೆದರೆ ಜೂನ್ 1ರಂದು ಹುಟ್ಟಿದವರ ಸಾಲು ಸಾಲೇ ಸಿಗುತ್ತದೆ. ಪಂಚಮಿಗೆ ಹದಿನೈದು ದಿನ ಇತ್ತು ಎಂದು ಅವ್ವ ನೆನಪಿಟ್ಟುಕೊಂಡ ಹುಟ್ಟು ಹೆಡ್‌ಮಾಸ್ತರರ ಕೈಯಲ್ಲಿ ಜೂನ್ ಒಂದಾಗುತ್ತಿತ್ತು. ಅದು ಮೋಸವಲ್ಲ, ಶಾಲೆಗೆ ಸೇರಿಸುವ ಅನುಕೂಲ. ಮೋಸವೂ ಬೇರೆ ಇತ್ತು, ಈಗಲೂ ಇದೆ. 2015ರ ಡಿಸೆಂಬರಿನಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಟ್ಟ ರಾಹುಲ್ ದ್ರಾವಿಡ್ ಕಿರಿಯರ ಕ್ರಿಕೆಟ್ಟಿನ ವಯಸ್ಸಿನ ಸುಳ್ಳನ್ನೇ ಎತ್ತಿಕೊಂಡು ಕಟುವಾಗಿ ಮಾತಾಡಿದ್ದರು. ಕಾಗದ ಸರಿಯಾಗಿದ್ದರೂ ತೊಡಕು ತೀರುವುದಿಲ್ಲ. ಒಂದೇ ತರಗತಿಯ ಇಬ್ಬರಲ್ಲಿ ಒಬ್ಬ ಹನ್ನೆರಡಕ್ಕೆ ಜಿಗಿದು ಬೆಳೆಯುತ್ತಾನೆ, ಇನ್ನೊಬ್ಬ ಹದಿನೈದಕ್ಕೆ. ತಾಲೂಕು ಮಟ್ಟದ ಗುಂಡು ಎಸೆತದಲ್ಲಿ ಮೊದಲನೆಯವನದೇ ಕೈ ಮೇಲೆ. ಬೇಗ ಬೆಳೆದದ್ದನ್ನು ಪ್ರತಿಭೆ ಎಂದು ತಿಳಿದು ಅವನಿಗೆ ತರಬೇತಿ ಹೆಚ್ಚಿಸಲಾಗುತ್ತದೆ. ತಡವಾಗಿ ಬೆಳೆಯುವವನು ಸುಮ್ಮನೆ ಮನೆಗೆ ಹೋಗುತ್ತಾನೆ.

ವಯಸ್ಸು ಪತ್ತೆಮಾಡಲು ಕ್ರಿಕೆಟ್ ಮಂಡಳಿ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸುತ್ತದೆ. ಆ ಚಿತ್ರದಲ್ಲಿ ನೋಡುವುದು ಬೆಳವಣಿಗೆಯ ಫಲಕಗಳನ್ನು, ಅಂದರೆ ಉದ್ದ ಮೂಳೆಗಳ ತುದಿಯಲ್ಲಿರುವ ಮೃದ್ವಸ್ಥಿಯ ಪದರಗಳನ್ನು. ಮೂಳೆ ಉದ್ದವಾಗುವುದು ಅಲ್ಲಿಂದ. ಬೆಳವಣಿಗೆ ಮುಗಿದಾಗ ಆ ಪದರ ಗಟ್ಟಿಯಾಗಿ ಮೂಳೆಯೊಳಗೆ ಸೇರಿಹೋಗುತ್ತದೆ. ಮಕ್ಕಳ ಅತಿಬಳಕೆಯ ಗಾಯಗಳಲ್ಲಿ ಹೆಚ್ಚಿನವು ಕಾಣಿಸಿಕೊಳ್ಳುವುದು ಇಂಥ ಪದರಗಳಲ್ಲೇ. ದೊಡ್ಡವರಲ್ಲಿ ಎಳೆತ ಹೆಚ್ಚಾದರೆ ಸ್ನಾಯುರಜ್ಜು ನೋಯುತ್ತದೆ. ಮಕ್ಕಳಲ್ಲಿ ರಜ್ಜು ಗಟ್ಟಿ, ಅದು ಕಚ್ಚಿಕೊಂಡಿರುವ ಮೃದ್ವಸ್ಥಿಯೇ ಮೆತ್ತಗೆ. ಆದ್ದರಿಂದ ಕಿತ್ತು ಬರುವುದು ಬುಡ.

ಎತ್ತರ ಅತಿ ವೇಗವಾಗಿ ಏರುವ ಕಾಲ ಹುಡುಗಿಯರಲ್ಲಿ ಸುಮಾರು 12, ಹುಡುಗರಲ್ಲಿ ಸುಮಾರು 14ನೇ ವರ್ಷ. ಆ ಒಂದೆರಡು ವರ್ಷ ಮೂಳೆ ಮುಂದೆ ಓಡುತ್ತದೆ, ಸ್ನಾಯು ಹಿಂದೆ ಬೀಳುತ್ತದೆ. ತೊಡೆಯ ಹಿಂಬದಿ, ಮೀನಖಂಡ ಬಿಗಿಯುತ್ತವೆ. ನಿನ್ನೆಯವರೆಗೆ ಬಗ್ಗಿ ಕಾಲ್ಬೆರಳು ಮುಟ್ಟುತ್ತಿದ್ದವನಿಗೆ ಇವತ್ತು ಮುಟ್ಟಲಾಗುವುದಿಲ್ಲ. ಮೂಳೆ ಉದ್ದವಾದ ಮೇಲೆ ಅದರಲ್ಲಿ ಕ್ಯಾಲ್ಸಿಯಂ ತುಂಬಿಕೊಳ್ಳಲು ಮತ್ತೂ ಆರೆಂಟು ತಿಂಗಳು ಬೇಕು. ಮಗು ಎದ್ದು ನಿಂತ ಹಾಗೆ ಬೆಳೆದು ಕಾಣುವ ಈ ಕಾಲದಲ್ಲೇ ಮೂಳೆ ಒಳಗೆ ಸೊರಗಿರುತ್ತದೆ, ಕೋಚ್ ತರಬೇತಿ ಏರಿಸುವುದೂ ಆಗಲೇ.

ಗಾಯಗಳಲ್ಲಿ ಮೊದಲು ಬರುವುದು ಹಿಮ್ಮಡಿಯದು. 1912ರಲ್ಲಿ ಅಮೆರಿಕದ ಜೇಮ್ಸ್ ಸೀವರ್ ಎಂಬ ವೈದ್ಯ ಇದನ್ನು ವಿವರಿಸಿದ್ದರಿಂದ ಅವನ ಹೆಸರಲ್ಲೇ ಕರೆಯುತ್ತಾರೆ. ಎಂಟರಿಂದ ಹದಿನಾಲ್ಕರ ಮಕ್ಕಳಲ್ಲಿ, ಅದರಲ್ಲೂ ಓಟ ಮತ್ತು ಜಿಗಿತದವರಲ್ಲಿ ಹೆಚ್ಚು. ಮೀನಖಂಡದ ರಜ್ಜು ಹಿಮ್ಮಡಿಯ ಮೂಳೆಯ ಹಿಂಭಾಗವನ್ನು ಪ್ರತಿ ಹೆಜ್ಜೆಗೂ ಎಳೆಯುತ್ತದೆ. ಮೊರಂ ಹಾಕಿ ರೋಲರ್ ಹೊಡೆಸಿದ ಮೈದಾನ, ಬರಿಗಾಲು ಅಥವಾ ತಳ ಸವೆದ ಕ್ಯಾನ್ವಾಸ್ ಬೂಟು ಸೇರಿದರೆ ಎಳೆತಕ್ಕೆ ಬಡಿತವೂ ಕೂಡಿತು. ಗುರುತಿಸಲು ಯಂತ್ರ ಬೇಡ. ಬೆಳಿಗ್ಗೆಯ ಓಟ ಮುಗಿದು ಪ್ರಾರ್ಥನೆಗೆ ಸಾಲು ನಿಂತಾಗ ಹುಡುಗ ಹಿಮ್ಮಡಿ ಊರದೆ ಮುಂಗಾಲಿನ ಮೇಲೆ ಒದ್ದಾಡುತ್ತಾನೆ. ಕೂಡಿಸಿ, ಹಿಮ್ಮಡಿಯನ್ನು ಎರಡೂ ಬದಿಯಿಂದ ಹೆಬ್ಬೆರಳು ತೋರುಬೆರಳ ನಡುವೆ ಹಿಂಡಿದರೆ ಕಾಲು ಕಸಿದುಕೊಳ್ಳುತ್ತಾನೆ. ಅಷ್ಟೇ ಪರೀಕ್ಷೆ.

ಮೊಣಕಾಲಿನದು ಬಾಸ್ಟನ್ನಿನ ರಾಬರ್ಟ್ ಆಸ್ಗುಡ್ ಮತ್ತು ಝೂರಿಚ್ಚಿನ ಕಾರ್ಲ್ ಶ್ಲಾಟರ್ ಇಬ್ಬರೂ 1903ರಲ್ಲಿ ಬೇರೆ ಬೇರೆಯಾಗಿ ಬರೆದಿಟ್ಟ ತೊಂದರೆ. ಮೊಣಕಾಲ ಚಿಪ್ಪಿನ ಕೆಳಗೆ, ನಳಿಗಾಲಿನ ಮೇಲ್ತುದಿಯಲ್ಲಿ ನಿಂಬೆಹಣ್ಣಿನ ಅರ್ಧದಷ್ಟು ಗುಬ್ಬು ಏಳುತ್ತದೆ. ಮುಟ್ಟಿದರೆ ನೋವು, ಮಂಡಿಯೂರಿದರೆ ಇನ್ನೂ ನೋವು. ಬೀದರ ಸೀಮೆಯ ಶಾಲೆಗಳಲ್ಲಿ ಇದನ್ನು ನೋಡಬೇಕಾದರೆ ಖೋಖೋ ಅಂಗಳಕ್ಕೆ ಹೋಗಬೇಕು. ಎಂಟು ಜನ ಚೌಕಗಳಲ್ಲಿ ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖಮಾಡಿ ಕುಕ್ಕರುಗಾಲಿನಲ್ಲಿ ಕುಳಿತಿರುತ್ತಾರೆ. ಬೆನ್ನಿಗೆ ಅಂಗೈ ತಾಕಿ ‘ಖೋ’ ಕಿವಿಗೆ ಬಿದ್ದ ಕ್ಷಣ ಒಂದು ಕಾಲಿನ ಒತ್ತಿನ ಮೇಲೆ ಚಿಮ್ಮಬೇಕು. ಚಿಮ್ಮುವ ಕಾಲು ಪ್ರತಿಯೊಬ್ಬ ಆಟಗಾರನಿಗೂ ಗೊತ್ತುಮಾಡಿದ ಒಂದೇ ಕಾಲು. ಬದಲಿಸಿದರೆ ಅರೆಗಳಿಗೆ ತಡವಾಗುತ್ತದೆ. ಪೂರ್ತಿ ಮಡಿಚಿದ ಮೊಣಕಾಲಿನಿಂದ ಒಮ್ಮೆಲೇ ಎದ್ದಾಗ ತೊಡೆಯ ದಪ್ಪ ಸ್ನಾಯುವಿನ ಎಳೆತವೆಲ್ಲ ಆ ಗುಬ್ಬು ಏಳುವ ಜಾಗದ ಮೇಲೆಯೇ. ಪಂದ್ಯದಲ್ಲಿ ಇದು ಕೆಲವು ಸಾರಿ. ತಾಲೂಕು ಮಟ್ಟಕ್ಕೆ ಮುಂಚಿನ ತಿಂಗಳ ಪ್ರಾಕ್ಟೀಸಿನಲ್ಲಿ ಬೆಳಿಗ್ಗೆ ಸಂಜೆ ಲೆಕ್ಕವಿಲ್ಲದಷ್ಟು ಸಾರಿ. ಕಂಬಕ್ಕೆ ಹಾರಿ ಮಣ್ಣಿಗೆ ಬೀಳುವುದು ಇದರ ಮೇಲೆ. ಖೋಖೋ ಕೆಟ್ಟ ಆಟವೆಂದು ಇದರರ್ಥವಲ್ಲ. ಅದನ್ನು ನವೆಂಬರಿನಿಂದ ನವೆಂಬರಿಗೆ ಆಡಿಸುವುದೇ ಕೆಟ್ಟದ್ದು.

ಬೆನ್ನಿನ ಗಾಯ ಹೆಚ್ಚು ಗಂಭೀರ. ವೇಗದ ಬೌಲರು ಮುಂಗಾಲು ಊರಿದಾಗ ಬೆನ್ನು ಒಮ್ಮೆಲೇ ಹಿಂದಕ್ಕೂ ಬದಿಗೂ ಬಾಗಿ ತಿರುಚುತ್ತದೆ. ಸೊಂಟದ ಕೆಳಗಿನ ಕಶೇರುಗಳ ಹಿಂಬದಿಯ ಸಣ್ಣ ಸೇತುವೆಯಂಥ ಭಾಗ, ಸಾಮಾನ್ಯವಾಗಿ ಎಸೆಯುವ ಕೈಯ ಎದುರು ಬದಿಯಲ್ಲಿ, ಕೂದಲೆಳೆಯಷ್ಟು ಬಿರಿಯುತ್ತದೆ. ಬೆಳೆದು ಬಲಿತವರನ್ನೂ ಇದು ಬಿಡುವುದಿಲ್ಲ. ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಇಂಥ ಬಿರುಕಿನಿಂದಾಗಿ 2022ರಿಂದ ಸುಮಾರು ಒಂದು ವರ್ಷ ಮೈದಾನದ ಹೊರಗಿದ್ದು, 2023ರ ಆಗಸ್ಟಿನಲ್ಲಿ ಐರ್ಲೆಂಡ್ ಪ್ರವಾಸಕ್ಕೆ ಮರಳಿದರು. ಅವರ ಬೆನ್ನಿಗೆ ಫಿಸಿಯೋ, ಸ್ಕ್ಯಾನ್, ಮಂಡಳಿಯ ಅಕಾಡೆಮಿ ಇದ್ದವು. ಭಾಲ್ಕಿ, ಔರಾದ ಕಡೆಯ ಹದಿನಾಲ್ಕರ ಬೌಲರನ ಸ್ಥಿತಿ ಬೇರೆ. ಶಾಲಾ ತಂಡಕ್ಕೆ ಅವನೇ, ಊರ ತಂಡಕ್ಕೆ ಅವನೇ, ಜಯಂತಿಗಳ ಟೆನಿಸ್ ಬಾಲ್ ಟೂರ್ನಿಯಲ್ಲಿ ಬೇರೆ ಊರಿನವರು ಕರೆದೊಯ್ಯುವುದೂ ಅವನನ್ನೇ. ಪ್ರತಿ ನಾಯಕನೂ ತನ್ನ ನಾಲ್ಕು ಓವರ್ ಎಣಿಸುತ್ತಾನೆ, ಒಟ್ಟು ಎಷ್ಟಾಯಿತೆಂದು ಕೂಡಿಸುವವರಿಲ್ಲ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ವರ್ಷಗಟ್ಟಲೆ ಪಾಲಿಸಿದ ನಿಯಮದಂತೆ 13 ವರ್ಷದೊಳಗಿನ ವೇಗದ ಬೌಲರು ಒಂದು ಸರದಿಗೆ 5, ದಿನಕ್ಕೆ 10 ಓವರಿಗಿಂತ ಹೆಚ್ಚು ಎಸೆಯುವಂತಿರಲಿಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಹುಡುಗರ ಮೊಣಕೈ ಕೆಡುವುದನ್ನು ವೈದ್ಯರು 1960ರಲ್ಲೇ ಗುರುತಿಸಿದ್ದರು. ಎಸೆತಗಳಿಗೆ ದಿನದ ಮಿತಿ, ಎಸೆದಷ್ಟಕ್ಕೆ ತಕ್ಕ ವಿಶ್ರಾಂತಿಯ ದಿನ ಎಂಬ ಲೆಕ್ಕ ಅಲ್ಲಿ ಈಗ ರೂಢಿ. ಈಜುಗಾರರ ಭುಜ, ಜಿಮ್ನಾಸ್ಟರ ಮಣಿಕಟ್ಟು ಇದೇ ಕುಲದವು.

ನಳಿಗಾಲಿನ ನೋವಿಗೆ ಡಾಬಕಾ ಸುತ್ತಿನಲ್ಲಿ ಇನ್ನೊಂದು ಮೂಲವಿದೆ. ಅದು ಭರತಿ. ಪೊಲೀಸ್ ಕಾನ್ಸ್‌ಟೇಬಲ್ ಆಗಬಯಸುವ ಹುಡುಗ 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು, ಹುಡುಗಿ 400 ಮೀಟರನ್ನು ಎರಡು ನಿಮಿಷದೊಳಗೆ. ಸೈನ್ಯದಲ್ಲಿ ಪೂರ್ತಿ ಅಂಕ ಬೇಕಾದರೆ 1.6 ಕಿಲೋಮೀಟರು ಐದೂವರೆ ನಿಮಿಷ. 2022ರ ಅಗ್ನಿಪಥ ಯೋಜನೆಯಲ್ಲಿ ಹದಿನೇಳೂವರೆ ವರ್ಷಕ್ಕೇ ಅರ್ಹತೆ. ಅಧಿಸೂಚನೆ ಬಂತೆಂದರೆ ನಸುಕಿನ ನಾಲ್ಕೂವರೆಗೆ ಡಾಂಬರು ರಸ್ತೆಯ ಅಂಚಿನಲ್ಲಿ ಸಾಲುಗಟ್ಟಿ ಓಟ ಶುರು. ಅಲ್ಲಿಯವರೆಗೆ ಓಡದ ಕಾಲುಗಳು ವಾರದೊಳಗೆ ದಿನಕ್ಕೆ ಐದಾರು ಕಿಲೋಮೀಟರಿಗೆ ಹತ್ತುತ್ತವೆ. ಇದು ಎಳವೆಯ ಏಕಕ್ರೀಡೆಯಲ್ಲ. ಆದರೆ ಮೂಳೆಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೊಸ ಭಾರ ಬಿದ್ದಾಗ ಮೂಳೆ ಮೊದಲು ಹಳೆಯ ಪದರವನ್ನು ಕೆದರಿ ತೆಗೆಯುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ತೆಗೆದದ್ದು ಆಗಿ ಕಟ್ಟುವುದು ಇನ್ನೂ ಆಗದಿರುವ ಮೂರು ನಾಲ್ಕು ವಾರಗಳಲ್ಲಿ ಅದು ಮೊದಲಿಗಿಂತ ದುರ್ಬಲ. ಆಯಾಸದ ಬಿರುಕು ಬೀಳುವುದು ಆಗಲೇ. ಈ ಗಾಯದ ಮೊದಲ ವೈದ್ಯಕೀಯ ವರ್ಣನೆಯೂ ಸೈನ್ಯದ್ದೇ: 1855ರಲ್ಲಿ ಪ್ರಷ್ಯಾದ ಸೇನಾವೈದ್ಯ ಬ್ರೈಟ್‌ಹಾಪ್ಟ್ ಕವಾಯತು ಮಾಡಿ ಪಾದ ಊದಿಸಿಕೊಂಡ ಹೊಸ ಸಿಪಾಯಿಗಳನ್ನು ಕಂಡು ಬರೆದದ್ದು. ಎಕ್ಸ್‌ರೇ ಇನ್ನೂ ಇರಲಿಲ್ಲ. ಇದ್ದರೂ ಮೊದಲ ಎರಡು ಮೂರು ವಾರ ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ಈಗಲೂ ಹಾಗೆಯೇ. ಫೋಟೋದಲ್ಲಿ ಏನೂ ಇಲ್ಲ, ಓಡು ಎಂದು ಹೇಳಿಸಿಕೊಂಡು ಬಂದವರು ಬಹಳ.

ಗಾಯಕ್ಕಿಂತ ಮುಂಚೆ ನೋವು ಬಾಯಿಗೆ ಬರಬೇಕು. ಅದೇ ತಡವಾಗುತ್ತದೆ. ಜಿಲ್ಲಾ ಮಟ್ಟದ ಹಿಂದಿನ ವಾರ ಶಾಲೆಯ ಗೇಟಿನ ಹತ್ತಿರ ನಡೆಯುವ ಮಾತು ಎಲ್ಲ ಊರಲ್ಲೂ ಹೆಚ್ಚುಕಡಿಮೆ ಇದೇ: ‘ಸರ್, ಹುಡುಗನ ಕಾಲು ಭಾಳ ಬ್ಯಾನಿ ಆಗ್ಲತದ್ರಿ.’ ‘ಬೆಳಿಯೋ ವಯಸ್ಸದ ಕಾಕಾ, ಆಗ್ತದ. ಎಣ್ಣಿ ತಿಕ್ರಿ. ಐತವಾರ ಮ್ಯಾಚ್ ಅದ.’ ಇಬ್ಬರೂ ಹುಡುಗನ ಒಳ್ಳೆಯದನ್ನೇ ಬಯಸುವವರು. ಬೆಳವಣಿಗೆಯ ನೋವೆಂಬುದು ಇದೆ, ಆದರೆ ಅದರ ಲಕ್ಷಣ ಬೇರೆ. ಅದು ಮೂರರಿಂದ ಹನ್ನೆರಡರ ಮಕ್ಕಳಿಗೆ ಸಂಜೆ ಅಥವಾ ರಾತ್ರಿ, ಎರಡೂ ಕಾಲಿಗೆ, ಇಲ್ಲಿ ಎಂದು ಬೆರಳಿಡಲಾಗದಂತೆ ಬರುತ್ತದೆ. ಬೆಳಗಾದರೆ ಮಗು ಕುಣಿಯುತ್ತಿರುತ್ತದೆ. ಒಂದೇ ಕಾಲಿನಲ್ಲಿ, ಒಂದು ಬೆರಳ ತುದಿಯಲ್ಲಿ ತೋರಿಸಬಹುದಾದ ನೋವು, ಕುಂಟಿಸುವ ನೋವು, ಓಡಿದಾಗ ಹೆಚ್ಚುವ ನೋವು ಬೆಳವಣಿಗೆಯದಲ್ಲ. ಅದಕ್ಕೊಂದು ಕ್ರಮವಿದೆ. ಮೊದಲು ಆಟ ಮುಗಿದ ಮೇಲೆ ಮಾತ್ರ ನೋಯುತ್ತದೆ, ಆಮೇಲೆ ಆಡುವಾಗ, ಆಮೇಲೆ ಆಟ ಕೆಡುವಷ್ಟು, ಕೊನೆಗೆ ಮಲಗಿದಾಗಲೂ. ಮೊದಲೆರಡು ಹಂತದಲ್ಲಿ ತಡೆದರೆ ವಾರಗಳ ಮಾತು, ಕೊನೆಯದಕ್ಕೆ ಬಂದರೆ ತಿಂಗಳುಗಳ ಮಾತು.

ಎಣ್ಣೆ ತಿಕ್ಕುವುದರಿಂದ ಹಾನಿಯಿಲ್ಲ. ಬಿರುಕಿರುವ ಜಾಗದಲ್ಲಿ ಜೋರಾಗಿ ತಿಕ್ಕಿ ಎಳೆದು ಪಟ್ಟು ಕಟ್ಟುವುದರಿಂದ ಹಾನಿಯುಂಟು. ಅದಕ್ಕಿಂತ ಅಪಾಯ ಪಂದ್ಯದ ಬೆಳಿಗ್ಗೆ ಸೂಜಿ ಮಾಡಿಸಿ ಓಡಿಸುವುದು. ನೋವುನಿವಾರಕದ ಇಂಜೆಕ್ಷನ್ ಬಿರುಕನ್ನು ಕೂಡಿಸುವುದಿಲ್ಲ. ನಿಲ್ಲು ಎಂದು ಮೈ ಹೇಳುವುದನ್ನು ಅರ್ಧ ದಿನ ಬಾಯಿ ಮುಚ್ಚಿಸುತ್ತದೆ, ಅಷ್ಟರಲ್ಲಿ ಬಿರುಕು ಇನ್ನಷ್ಟು ದೂರ ಹೋಗಿರುತ್ತದೆ. ಹುಡುಗನೂ ಹೇಳುವುದಿಲ್ಲ. ಹೇಳಿದರೆ ತಂಡದಲ್ಲಿ ಜಾಗ ಹೋದೀತು, ಹಾಸ್ಟೆಲಿನಿಂದ ಮನೆಗೆ ಕಳಿಸಿಯಾರು ಎಂಬ ಹೆದರಿಕೆ ಅವನಿಗೆ. ಆ ಹೆದರಿಕೆ ಬುಡವಿಲ್ಲದ್ದಲ್ಲ.

ಹುಡುಗಿಯರ ವಿಷಯದಲ್ಲಿ ಹೇಳದೆ ಉಳಿಯುವುದು ಇನ್ನೂ ಹೆಚ್ಚು. ತಿನ್ನುವುದಕ್ಕಿಂತ ಖರ್ಚಾಗುವ ಶಕ್ತಿ ಹೆಚ್ಚಾದರೆ ದೇಹ ಮೊದಲು ನಿಲ್ಲಿಸುವುದು ಮುಟ್ಟನ್ನು. ಮುಟ್ಟು ನಿಂತರೆ ಮೂಳೆಯನ್ನು ಕಾಯುವ ಹಾರ್ಮೋನೂ ಇಳಿಯುತ್ತದೆ, ಆಯಾಸದ ಬಿರುಕಿಗೆ ದಾರಿಯಾಗುತ್ತದೆ. 1990ರ ದಶಕದಲ್ಲಿ ಅಮೆರಿಕದ ಕ್ರೀಡಾವೈದ್ಯರು ಇದನ್ನು ಆಟಗಾರ್ತಿಯರ ಮೂರು ತೊಂದರೆಗಳ ಜೋಡಣೆ ಎಂದು ಗುರುತಿಸಿದರು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಹುಡುಗರನ್ನೂ ಸೇರಿಸಿ ವಿಸ್ತರಿಸಿತು. ಕೂಟದ ಸಮಯದಲ್ಲಿ ಮುಟ್ಟು ಬಾರದಿದ್ದರೆ ಒಳ್ಳೆಯದೇ ಆಯಿತು ಎಂದುಕೊಳ್ಳುವ ಹುಡುಗಿಗೆ ಇದು ಎಚ್ಚರಿಕೆಯ ಗಂಟೆಯೆಂದು ಹೇಳಬೇಕಾದವರು ಬಹುತೇಕ ಗಂಡು ಮಾಸ್ತರುಗಳು. ಅವರಿಗೆ ಹೇಳಲು ಸಂಕೋಚ, ಅವಳಿಗೆ ಕೇಳಲು ಸಂಕೋಚ. ರಕ್ತಹೀನತೆ ಇದರ ಮೇಲೆ ಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ಅದು ಇತ್ತು. ಶಾಲೆಯ ಬಿಸಿಯೂಟ 2002ರಲ್ಲಿ ಬೀದರ ಸೇರಿದಂತೆ ಈ ಭಾಗದ ಜಿಲ್ಲೆಗಳಲ್ಲೇ ಮೊದಲು ಶುರುವಾಯಿತು, 2021ರ ಡಿಸೆಂಬರಿನಲ್ಲಿ ಮೊಟ್ಟೆಯೂ ಸೇರಿತು. ವಿಪರ್ಯಾಸವೆಂದರೆ ಕೂಟಕ್ಕೆ ಹೋದ ದಿನವೇ ಆಟದ ಮಗುವಿಗೆ ಆ ಊಟ ತಪ್ಪುತ್ತದೆ. ಬೆಳಿಗ್ಗೆ ಚಹಾ ಬಿಸ್ಕತ್ತು, ಮಧ್ಯಾಹ್ನ ಸಿಕ್ಕರೆ ಪಲಾವು, ನಡುವೆ ಮೂರು ಹೀಟ್ಸ್.

ಎಳವೆಯಲ್ಲೇ ಹಿಡಿದರೆ ಮಾತ್ರ ಚಾಂಪಿಯನ್ ಆಗುತ್ತಾನೆಂಬ ನಂಬಿಕೆಗೆ ಬುಡ ಎಲ್ಲಿದೆ? 1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಜತೆಗಾರರು ಪಿಟೀಲು ವಾದಕರ ಅಭ್ಯಾಸದ ಗಂಟೆಗಳನ್ನು ಎಣಿಸಿದರು; 2008ರಲ್ಲಿ ಮಾಲ್ಕಮ್ ಗ್ಲ್ಯಾಡ್‌ವೆಲ್ ಅದನ್ನು ಹತ್ತು ಸಾವಿರ ಗಂಟೆಯ ಸೂತ್ರವಾಗಿ ಜನಪ್ರಿಯಗೊಳಿಸಿದರು. ಪಿಟೀಲಿನ ಲೆಕ್ಕ ಮೊಣಕಾಲಿಗೆ ಒಗ್ಗುವುದಿಲ್ಲ. 2015ರಲ್ಲಿ ಷಿಕಾಗೋದ ವೈದ್ಯ ನೀರು ಜಯಂತಿ ಮತ್ತು ತಂಡ 7ರಿಂದ 18 ವರ್ಷದ ಸುಮಾರು 1,200 ಆಟಗಾರರನ್ನು ಪರಿಶೀಲಿಸಿ ಪ್ರಕಟಿಸಿದ ಅಧ್ಯಯನದಿಂದ ಕೈಗೆ ಸಿಗುವಂಥ ಎರಡು ಅಳತೆಗಳು ಬಂದವು. ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸನ್ನು ಮೀರಿದರೆ ಗಂಭೀರ ಅತಿಬಳಕೆಯ ಗಾಯದ ಸಂಭವ ಹೆಚ್ಚು. ಕಲಿಸಿ ಆಡಿಸುವ ಆಟ ತಾನಾಗಿ ಆಡುವ ಆಟದ ಎರಡರಷ್ಟನ್ನು ದಾಟಿದರೂ ಹೆಚ್ಚು. ಹನ್ನೆರಡರ ಮಗುವಿಗೆ ವಾರಕ್ಕೆ ಹನ್ನೆರಡು ಗಂಟೆ. ಬೆಳಿಗ್ಗೆ ಎರಡು, ಸಂಜೆ ಎರಡು ಗಂಟೆ ಆರು ದಿನ ನಡೆದರೆ ಅದು ಇಪ್ಪತ್ತನಾಲ್ಕು. 2016ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಹೆಚ್ಚಿನ ಕ್ರೀಡೆಗಳಲ್ಲಿ 15–16ರವರೆಗೆ ಒಂದೇ ಆಟಕ್ಕೆ ಸೀಮಿತವಾಗುವುದು ಬೇಡ, ವಾರಕ್ಕೆ ಒಂದೆರಡು ದಿನ, ವರ್ಷಕ್ಕೆ ಒಟ್ಟು ಮೂರು ತಿಂಗಳು ಆ ಆಟದಿಂದ ಬಿಡುವಿರಲಿ ಎಂದು ಸಲಹೆ ಮಾಡಿತು. ಡಾಬಕಾದ ಹಳೆಯ ಹಂಗಾಮು ಈ ಮೂರು ತಿಂಗಳನ್ನು ಯಾವ ಅಕಾಡೆಮಿಯೂ ಹೇಳದೆ ಕೊಡುತ್ತಿತ್ತು.

ಕರ್ನಾಟಕದ ದೊಡ್ಡ ಹೆಸರುಗಳೂ ಬೇರೆ ದಾರಿಯನ್ನು ತೋರಿಸುತ್ತವೆ. ದ್ರಾವಿಡ್ ಶಾಲಾ ದಿನಗಳಲ್ಲಿ ಹಾಕಿಯನ್ನೂ ಆಡಿದವರು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಜಾವಗಲ್ ಶ್ರೀನಾಥ್ ಇಪ್ಪತ್ತರ ವಯಸ್ಸಿನಲ್ಲಿ, 1989ರಲ್ಲಿ ರಣಜಿಗೆ ಕಾಲಿಟ್ಟು ಮೊದಲ ಪಂದ್ಯದಲ್ಲೇ ಹ್ಯಾಟ್ರಿಕ್ ಪಡೆದರು. ಹಾಗೆ ಬಲಿತು ಬಂದ ಭುಜವೂ 1997ರಲ್ಲಿ ಕೈಕೊಟ್ಟು ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು, ಶಸ್ತ್ರಚಿಕಿತ್ಸೆ ಬೇಕಾಯಿತು. ನಂತರ ಅವರು 2003ರವರೆಗೂ ಆಡಿದರು. ಇದಕ್ಕೆ ಎದುರು ತುದಿಯಲ್ಲಿ ಒಡಿಶಾದ ಬುಧಿಯಾ ಸಿಂಗ್. 2006ರ ಮೇ 2ರಂದು ನಾಲ್ಕು ವರ್ಷದ ಆ ಮಗುವನ್ನು ಪುರಿಯಿಂದ ಭುವನೇಶ್ವರದವರೆಗೆ 65 ಕಿಲೋಮೀಟರು ಓಡಿಸಲಾಯಿತು. ಏಳು ಗಂಟೆ ಎರಡು ನಿಮಿಷ. ಜನ ರಸ್ತೆಯುದ್ದಕ್ಕೂ ಚಪ್ಪಾಳೆ ತಟ್ಟಿದರು. ಸರ್ಕಾರ ನಡುವೆ ಬಂದು ಅಂಥ ದೂರದ ಓಟಗಳನ್ನು ನಿಲ್ಲಿಸಿತು. ಆ ಹುಡುಗ ಮುಂದೆ ಮ್ಯಾರಥಾನ್ ಚಾಂಪಿಯನ್ ಆಗಲಿಲ್ಲ. ಜಿಮ್ನಾಸ್ಟಿಕ್ಸ್, ಸ್ಕೇಟಿಂಗಿನಂಥ ಕೆಲವು ಕ್ರೀಡೆಗಳಲ್ಲಿ ಎಳೆಯ ಮೈಗೇ ಅನುಕೂಲ ಹೆಚ್ಚೆಂಬುದು ನಿಜ. ಆ ಕ್ರೀಡೆಗಳೇ ಈಗ ವಯಸ್ಸನ್ನು ಮೇಲಕ್ಕೆ ತಳ್ಳುತ್ತಿವೆ. ಮಹಿಳಾ ಜಿಮ್ನಾಸ್ಟಿಕ್ಸಿನ ಹಿರಿಯರ ವಿಭಾಗಕ್ಕೆ 1997ರಿಂದ ಕನಿಷ್ಠ 16. ಫಿಗರ್ ಸ್ಕೇಟಿಂಗಿನಲ್ಲಿ 15 ಇದ್ದದ್ದನ್ನು 17ಕ್ಕೆ ಏರಿಸುವ ತೀರ್ಮಾನ 2022ರಲ್ಲಿ ಆಯಿತು.

ತಡೆಯುವ ಉಪಾಯಗಳಲ್ಲಿ ದುಬಾರಿಯಾದದ್ದು ಯಾವುದೂ ಇಲ್ಲ. ತರಗತಿಯ ಗೋಡೆಗೆ ಗೆರೆ ಎಳೆದು ಮೂರು ತಿಂಗಳಿಗೊಮ್ಮೆ ಎತ್ತರ ಅಳೆದರೆ ಯಾರು ಜಿಗಿದು ಬೆಳೆಯುತ್ತಿದ್ದಾರೆಂದು ಕಾಣುತ್ತದೆ. ಆ ಮಕ್ಕಳಿಗೆ ಆ ಅವಧಿಯಲ್ಲಿ ಜಿಗಿತ ಮತ್ತು ದೂರದ ಓಟ ಇಳಿಸಬೇಕು. ಒಂದು ನೋಟ್‌ಬುಕ್ಕಿನಲ್ಲಿ ಓವರ್, ಸುತ್ತು, ಗಂಟೆ ಬರೆದಿಡಬೇಕು, ಊರ ಟೂರ್ನಿಯದನ್ನೂ ಸೇರಿಸಿ. ವಾರಕ್ಕೆ ಶೇಕಡಾ ಹತ್ತಕ್ಕಿಂತ ಏರಿಸಬಾರದೆಂಬ ಪ್ರಸಿದ್ಧ ಮಾತು ಕೈಲೆಕ್ಕವೇ ಹೊರತು ಪ್ರಯೋಗದಿಂದ ಸಾಬೀತಾದ ನಿಯಮವಲ್ಲ. ಆದರೂ ಲೆಕ್ಕವಿಲ್ಲದ್ದಕ್ಕಿಂತ ಮೇಲು. ಫುಟ್‌ಬಾಲಿನವರು ರೂಪಿಸಿದ ಇಪ್ಪತ್ತು ನಿಮಿಷದ ಮೈಕಾಯಿಸುವ ಕ್ರಮದಿಂದ ಗಾಯ ಕಡಿಮೆಯಾದದ್ದು ಮಾತ್ರ ಪರೀಕ್ಷೆಗಳಲ್ಲಿ ಕಂಡಿದೆ, ಅದಕ್ಕೆ ಬೇಕಾದದ್ದು ಒಂದು ಬಯಲು. ಓಟಕ್ಕೆ ಡಾಂಬರಿಗಿಂತ ಹೊಲದ ಬದುವಿನ ಕಾಲುದಾರಿ ಲೇಸು.

ಬಂದ ಗಾಯಗಳು ವಾಸಿಯಾಗುವ ಬಗೆಯೂ ಒಂದೇ ಅಲ್ಲ. ಹಿಮ್ಮಡಿಯ ನೋವು ಅಲ್ಲಿನ ಪದರ ಗಟ್ಟಿಯಾದ ಮೇಲೆ, ಹದಿನೈದರ ಹೊತ್ತಿಗೆ, ತಾನೇ ಹೋಗುತ್ತದೆ. ಅಲ್ಲಿಯವರೆಗೆ ಹಿಮ್ಮಡಿಗೆ ಮೆತ್ತೆ, ಮೀನಖಂಡ ಸಡಿಲಿಸುವ ವ್ಯಾಯಾಮ, ಓಟ ಕಡಿತ. ಮೊಣಕಾಲ ಗುಬ್ಬಿನ ನೋವು ಒಂದೂವರೆ ವರ್ಷ ಎಳೆಯಬಹುದು. ಪೂರ್ತಿ ಆಟ ಬಿಡಬೇಕಿಲ್ಲ, ನೋವು ತಡೆಯುವಷ್ಟಕ್ಕೆ ಇಳಿಸಿದರೆ ಸಾಕು. ನೋವು ಹೋದರೂ ಗುಬ್ಬು ಉಳಿಯುತ್ತದೆ. ನಳಿಗಾಲಿನ ಒಳಬದಿಯ ಬಿರುಕು ಸಾಮಾನ್ಯವಾಗಿ ಆರರಿಂದ ಎಂಟು ವಾರದ ವಿಶ್ರಾಂತಿಗೆ ಕೂಡುತ್ತದೆ. ಮುಂಬದಿಯದು ಹಟಮಾರಿ, ತಿಂಗಳುಗಳು ಹಿಡಿದು ಕೆಲವೊಮ್ಮೆ ರಾಡ್ ಹಾಕಬೇಕಾಗುತ್ತದೆ. ಬೆನ್ನಿನ ಬಿರುಕು ಹೊಸದಿದ್ದು ಒಂದೇ ಬದಿಯದಾದರೆ ಮೂರು ತಿಂಗಳ ಹೊತ್ತಿಗೆ ಕೂಡುವ ಸಂಭವ ಚೆನ್ನಾಗಿದೆ. ಎರಡೂ ಬದಿ ಬಿರಿದು ಹಳೆಯದಾದರೆ ಕೂಡುವುದಿಲ್ಲ, ಕಶೇರು ಮುಂದಕ್ಕೆ ಜರುಗಲೂಬಹುದು; ಹಾಗಾದವರಲ್ಲೂ ಹೊಟ್ಟೆ ಬೆನ್ನಿನ ಸ್ನಾಯು ಬಲಪಡಿಸಿಕೊಂಡು ಆಟಕ್ಕೆ ಮರಳಿದವರು ಸಾಕಷ್ಟಿದ್ದಾರೆ. ಮರಳುವಾಗ ಮೊದಲು ನೋವಿಲ್ಲದ ನಡಿಗೆ, ಆಮೇಲೆ ದಿನ ಬಿಟ್ಟು ದಿನ ನಿಧಾನದ ಓಟ, ಅದು ಎರಡು ವಾರ ತಡೆದರೆ ವೇಗ, ಜಿಗಿತ ಎಲ್ಲಕ್ಕಿಂತ ಕೊನೆಗೆ. ನೋವು ಮರಳಿದರೆ ಒಂದು ಹಂತ ಕೆಳಗಿಳಿದು ಅಲ್ಲಿಂದ ಮತ್ತೆ ಶುರುಮಾಡಬೇಕು.